ಪೆಟ್ಟಿಗೆಯ ಹೆಸರು ಬೇಡ, ಚಿಪ್‌ನ ನಂಬರ್ ಹೇಳಿ

(ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಒಬ್ಬರು. ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ಅವರ ಹಳೆಯ ಶಿಷ್ಯೆ ಒಬ್ಬಳು. ಇಬ್ಬರ ನಡುವೆ ಒಂದು ಡೆಸ್ಕ್‌ಟಾಪ್.)

ಮೇಷ್ಟ್ರು: ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತುಹೋಯ್ತಲ್ಲ, ಆಗ ಈ ಮೆಷಿನ್ ಗತಿ ಏನು ಅನ್ನೋ ಪ್ರಶ್ನೆ ಬಂತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ಆಗಲ್ಲ ಅಂತು. ಗಟ್ಟಿಮುಟ್ಟಾಗಿರೋ ಮೆಷಿನ್ನು, ಗುಜರಿಗೆ ಕೊಡೋಕೆ ಮನಸ್ಸಾಗಲಿಲ್ಲ. ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿದೆ. ಕನ್ನಡ ಟೈಪ್ ಆಗುತ್ತೆ, ಪ್ರಿಂಟರ್ ನಡೆಯುತ್ತೆ, ಹಾಡು ಕೇಳುತ್ತೆ. ನೆಟ್ ಒಂದೇ ಇಲ್ಲ.

ಶಿಷ್ಯೆ: ಕೇಬಲ್ ಹಾಕಿ ನೋಡಿದ್ರಾ ಸರ್?

ಮೇಷ್ಟ್ರು: ರೂಟರ್ ಇರೋದು ಮಹಡಿ ಮೇಲೆ, ಮಗನ ಕೋಣೇಲಿ. ಅಲ್ಲಿಂದ ಇಲ್ಲಿಗೆ ಕೇಬಲ್ ಎಳೆದ್ರೆ ಮನೆಯವಳು ನನ್ನನ್ನೇ ಮಹಡಿಗೆ ಕಳಿಸ್ತಾಳೆ. ಅದಕ್ಕೇ ಈ ಯುಎಸ್‌ಬಿ ವೈಫೈ ಡಾಂಗಲ್ ತರಿಸಿದೆ. ಪೆಟ್ಟಿಗೆ ಮೇಲೆ ‘ಲಿನಕ್ಸ್ ಬೆಂಬಲವಿದೆ’ ಅಂತ ಅಚ್ಚು ಹಾಕಿದಾರೆ, ನೋಡು. ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡ: ಈ ಲಿನಕ್ಸ್ ನಿಮ್ಮಂಥೋರಿಗೆ ಸರಿ, ನಮ್ಮಂಥೋರಿಗೆ ಅಲ್ಲ.

ಶಿಷ್ಯೆ: ತೀರ್ಪು ಆಮೇಲೆ ಕೊಡಿ. ಲ್ಯಾಬಿನಲ್ಲಿ ಬಲ್ಬು ಹೊತ್ತದಿದ್ರೆ ನಮಗೆ ಏನು ಹೇಳ್ತಿದ್ರಿ ನೀವು?

ಮೇಷ್ಟ್ರು: ಸೆಲ್ಲಿನಿಂದ ಶುರು ಮಾಡಿ ವೈರ್ ಹಿಡ್ಕೊಂಡು ಬಾ, ಎಲ್ಲೆಲ್ಲಿ ಕರೆಂಟು ಬಂದಿದೆ ನೋಡ್ತಾ ಬಾ, ಬಲ್ಬನ್ನ ಬೈಬೇಡ ಅಂತ.

ಶಿಷ್ಯೆ: ಇಲ್ಲೂ ಅದೇ. ‘ನೆಟ್ ಇಲ್ಲ’ ಅನ್ನೋದು ಕೊನೆಯ ಫಲ. ಅದಕ್ಕೆ ಮೊದಲು ಐದಾರು ಮೆಟ್ಟಿಲಿದೆ. ಸಾಧನ ಇದೆ ಅಂತ ಕಂಪ್ಯೂಟರಿಗೆ ಗೊತ್ತಾಗಿದೆಯಾ? ಅದಕ್ಕೆ ಡ್ರೈವರ್ ಅಂಟಿಕೊಂಡಿದೆಯಾ? ಡ್ರೈವರಿಗೆ ಬೇಕಾದ ಫರ್ಮ್‌ವೇರ್ ಸಿಕ್ಕಿದೆಯಾ? ರೇಡಿಯೋ ಆನ್ ಆಗಿದೆಯಾ? ರೂಟರ್ ಒಳಗೆ ಬಿಟ್ಟುಕೊಂಡಿದೆಯಾ? ಐಪಿ ವಿಳಾಸ ಕೊಟ್ಟಿದೆಯಾ? ಇದೇ ಕ್ರಮದಲ್ಲಿ ಕೇಳ್ತಾ ಹೋಗಬೇಕು. ಜನ ಮಾಡೋದು ಏನು ಅಂದ್ರೆ, ಎಲ್ಲೋ ಸಿಕ್ಕಿದ ಹತ್ತು ಕಮಾಂಡ್ ತಂದು ಟರ್ಮಿನಲ್‌ಗೆ ಸುರಿಯೋದು. ಒಂದನೇ ಮೆಟ್ಟಿಲಲ್ಲಿ ಸಿಕ್ಕಿಹಾಕ್ಕೊಂಡವರು ಐದನೇ ಮೆಟ್ಟಿಲಿನ ಮದ್ದು ಕುಡಿದ್ರೆ ಏನು ಬಂತು?

ಮೇಷ್ಟ್ರು: ಸರಿ, ಒಂದನೇ ಮೆಟ್ಟಿಲಿನಿಂದಲೇ ಬಾ.

ಶಿಷ್ಯೆ: ಡಾಂಗಲ್ ಚುಚ್ಚಿ. ಟರ್ಮಿನಲ್ ತೆಗೆದು ‘ಎಲ್‌ಎಸ್‌ಯುಎಸ್‌ಬಿ’ ಅಂತ ಹೊಡೀರಿ. ಯುಎಸ್‌ಬಿಗೆ ಚುಚ್ಚಿರೋದೆಲ್ಲ ಸಾಲಾಗಿ ಬರುತ್ತೆ. ಮೆಷಿನ್ ಒಳಗೇ ಕೂರೋ ಕಾರ್ಡಾದ್ರೆ ‘ಎಲ್‌ಎಸ್‌ಪಿಸಿಐ’. ಏನು ಕಾಣ್ತಿದೆ?

ಮೇಷ್ಟ್ರು: ಕೀಬೋರ್ಡು, ಮೌಸು... ಇದು ನೋಡು, ‘0ಬಿಡಿಎ:1ಎ2ಬಿ’. ಮುಂದೆ ರಿಯಲ್‌ಟೆಕ್ ಅಂತಿದೆ. ‘ಡ್ರೈವರ್ ಸಿಡಿರಾಮ್ ಮೋಡ್’ ಅಂತಲೂ ಇದೆ. ಸಿಡಿ ಎಲ್ಲಿಂದ ಬಂತು? ನಾನು ತಂದದ್ದು ವೈಫೈ!

ಶಿಷ್ಯೆ: ಮೊದಲ ಗಂಟು ಇಲ್ಲೇ ಇದೆ. ಈ ಡಾಂಗಲ್ ಚುಚ್ಚಿದ ತಕ್ಷಣ ತಾನೊಂದು ಸಿಡಿ ಡ್ರೈವ್ ಅಂತ ಪರಿಚಯ ಹೇಳಿಕೊಳ್ಳುತ್ತೆ. ಒಳಗಿನ ಪುಟ್ಟ ಮೆಮೊರಿಯಲ್ಲಿ ವಿಂಡೋಸ್ ಡ್ರೈವರ್ ಇಟ್ಟಿರ್ತಾರೆ. ವಿಂಡೋಸ್‌ನಲ್ಲಿ ಆ ‘ಸಿಡಿ’ಯಿಂದ ಡ್ರೈವರ್ ಹಾಕಿಕೊಂಡ ಮೇಲೆ, ಆ ಡ್ರೈವರೇ ಡಾಂಗಲ್‌ಗೆ ‘ಸಿಡಿ ಸಾಕು, ಇನ್ನು ವೈಫೈ ಆಗು’ ಅಂತ ಆಜ್ಞೆ ಕೊಡುತ್ತೆ. ಹಿಂದೆ 3ಜಿ ಡೇಟಾ ಕಾರ್ಡ್‌ಗಳೂ ಇದೇ ಉಪಾಯ ಮಾಡ್ತಿದ್ವು. ಲಿನಕ್ಸ್‌ನಲ್ಲಿ ಆ ಆಜ್ಞೆ ಕೊಡೋಕೆ ‘ಯುಎಸ್‌ಬಿ ಮೋಡ್‌ಸ್ವಿಚ್’ ಅನ್ನೋ ಪುಟ್ಟ ಪ್ರೋಗ್ರಾಂ ಇದೆ. ಅದು ನಿಮ್ಮಲ್ಲಿ ಇನ್‌ಸ್ಟಾಲ್ ಆಗಿಲ್ಲ. ಪರವಾಗಿಲ್ಲ, ಫೈಲ್ ಮ್ಯಾನೇಜರ್‌ನಲ್ಲಿ ಆ ಸಿಡಿ ಕಾಣ್ತಿದೆಯಲ್ಲ, ಅದರ ಪಕ್ಕದ ಎಜೆಕ್ಟ್ ಒತ್ತಿ.

ಮೇಷ್ಟ್ರು: ಒತ್ತಿದೆ. ಸಿಡಿ ಮಾಯ.

ಶಿಷ್ಯೆ: ಮತ್ತೆ ಎಲ್‌ಎಸ್‌ಯುಎಸ್‌ಬಿ ಹೊಡೀರಿ.

ಮೇಷ್ಟ್ರು: ಅರೆ! ಅದೇ ಜಾಗದಲ್ಲಿ ಈಗ ‘0ಬಿಡಿಎ:ಸಿ811’. ‘802.11ಎಸಿ ಎನ್‌ಐಸಿ’ ಅಂತಿದೆ.

ಶಿಷ್ಯೆ: ಈಗ ಅದರ ನಿಜವಾದ ಗುರುತು ಸಿಕ್ತು. ಕೋಲನ್ನಿನ ಎಡಕ್ಕಿರೋದು ತಯಾರಕರ ನಂಬರು, ಬಲಕ್ಕಿರೋದು ಸಾಧನದ ನಂಬರು. 0ಬಿಡಿಎ ಅಂದ್ರೆ ಯುಎಸ್‌ಬಿ ಲೋಕದಲ್ಲಿ ರಿಯಲ್‌ಟೆಕ್. ಒಳಗಿನ ಕಾರ್ಡ್‌ಗಳಲ್ಲಿ 10ಇಸಿ ಅಂದ್ರೆ ರಿಯಲ್‌ಟೆಕ್, 14ಇ4 ಅಂದ್ರೆ ಬ್ರಾಡ್‌ಕಾಮ್. ಇಂಟೆಲ್‌ನದು 8086. 1978ರಲ್ಲಿ ಬಂದ ತಮ್ಮ ಪ್ರಸಿದ್ಧ ಪ್ರೊಸೆಸರಿನ ನಂಬರನ್ನೇ ಅವರು ಇಟ್ಟುಕೊಂಡರು. ಈ ಸಿ811 ಅಂದ್ರೆ ಆರ್‌ಟಿಎಲ್8811ಸಿಯು ಅನ್ನೋ ಚಿಪ್. ಆಗ ಸಿಡಿ ಅಂತ ಕೂತಿದ್ದಾಗ ಪಟ್ಟಿಯಲ್ಲಿ 8188ಜಿಯು ಅಂತ ಬೇರೆ ಚಿಪ್ ಹೆಸರು ಬಂದಿತ್ತು, ಗಮನಿಸಿದ್ರಾ? ಸಿಡಿ ವೇಷದ ನಂಬರು ಹಲವು ಚಿಪ್‌ಗಳಿಗೆ ಒಂದೇ. ಆ ಹೆಸರು ನಂಬಿ ಡ್ರೈವರ್ ಹುಡುಕಿದವರು ದಾರಿ ತಪ್ಪುತ್ತಾರೆ.

ಮೇಷ್ಟ್ರು: ಪೆಟ್ಟಿಗೆ ಮೇಲೆ ಮಾಡೆಲ್ ಹೆಸರು ಇದೆಯಲ್ಲ, ಅದನ್ನ ನೋಡಿದ್ರೆ ಸಾಲದೇ?

ಶಿಷ್ಯೆ: ಸಾಲದು. ಮಾಡೆಲ್ ಹೆಸರು ಅದೇ ಇಟ್ಟುಕೊಂಡು ಒಳಗಿನ ಚಿಪ್ ಬದಲಿಸೋದು ಈ ವ್ಯಾಪಾರದ ವಾಡಿಕೆ. ಟಿಪಿ-ಲಿಂಕ್‌ನ ಡಬ್ಲ್ಯೂಎನ್722ಎನ್ ಅನ್ನೋದು ಇದಕ್ಕೆ ಎಲ್ಲರೂ ಕೊಡೋ ಉದಾಹರಣೆ. ಮೊದಲ ಆವೃತ್ತಿಯಲ್ಲಿ ಅಥೆರಾಸ್‌ನ ಎಆರ್9271 ಚಿಪ್ ಇತ್ತು. ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರಿನ ಮೂಲ ಕೋಡ್ ಕೂಡ ಬಹಿರಂಗವಾಗಿದೆ. ಲಿನಕ್ಸ್ ಬಳಸೋರು ಹುಡುಕಿ ಹುಡುಕಿ ಕೊಳ್ಳುತ್ತಿದ್ದ ಡಾಂಗಲ್ ಅದು. ಎರಡನೇ ಆವೃತ್ತಿಯಿಂದ ಒಳಗೆ ರಿಯಲ್‌ಟೆಕ್‌ನ 8188ಇಯುಎಸ್ ಬಂತು. ಹೆಸರು ಅದೇ, ಡ್ರೈವರ್ ಕಥೆ ಪೂರ್ತಿ ಬೇರೆ.

ಮೇಷ್ಟ್ರು: ಸರಿ, ಸಾಧನ ಕಂಡಿದೆ. ಆದ್ರೂ ಮೇಲೆ ವೈಫೈ ಗುರುತು ಬಂದಿಲ್ಲ.

ಶಿಷ್ಯೆ: ಎರಡನೇ ಮೆಟ್ಟಿಲು. ‘ಎಲ್‌ಎಸ್‌ಯುಎಸ್‌ಬಿ ಹೈಫನ್ ಟಿ’ ಹೊಡೆದ್ರೆ ಪ್ರತಿ ಸಾಧನದ ಎದುರು ಯಾವ ಡ್ರೈವರ್ ಕೂತಿದೆ ಅಂತ ತೋರಿಸುತ್ತೆ. ನಿಮ್ಮ ಡಾಂಗಲ್ ಎದುರು ಖಾಲಿ. ಈಗ ‘ಯುನೇಮ್ ಹೈಫನ್ ಆರ್’ ಹೊಡೀರಿ, ಕರ್ನಲ್ ಯಾವ ಆವೃತ್ತಿ ಅಂತ ಹೇಳುತ್ತೆ.

ಮೇಷ್ಟ್ರು: 6.1.

ಶಿಷ್ಯೆ: ಒಂದೇ ಹೆಜ್ಜೆಯಲ್ಲಿ ತಪ್ಪಿಹೋಗಿದೆ ಸರ್. ಈ ಚಿಪ್‌ಗೆ ಬೇಕಾದ ಡ್ರೈವರ್ ಲಿನಕ್ಸ್ ಕರ್ನಲ್ ಒಳಗೆ ಬಂದದ್ದು 6.2ರಲ್ಲಿ, 2023ರ ಫೆಬ್ರವರಿಯಲ್ಲಿ. ಆರ್‌ಟಿಡಬ್ಲ್ಯೂ88 ಅಂತ ಒಂದು ಡ್ರೈವರ್ ಮೊದಲೇ ಇತ್ತು. ಆದ್ರೆ ಅದು ಒಳಗೆ ಕೂರೋ ಕಾರ್ಡ್‌ಗಳಿಗೆ ಮಾತ್ರ ಆಗ್ತಿತ್ತು. ಅದಕ್ಕೆ ಯುಎಸ್‌ಬಿ ಭಾಗ ಬರೆದು ಸೇರಿಸಿದವರು ಜರ್ಮನಿಯ ಪೆಂಗುಟ್ರಾನಿಕ್ಸ್ ಕಂಪನಿಯ ಸಾಶಾ ಹಾವರ್. ಡೆಬಿಯನ್ 12 ಹೊರಬಂದದ್ದು ಅದೇ ವರ್ಷ ಜೂನ್‌ನಲ್ಲಿ. ಆದ್ರೆ ಸ್ಥಿರತೆಗೋಸ್ಕರ ಅವರು ಹಿಡಿದದ್ದು 6.1 ಕರ್ನಲ್.

ಮೇಷ್ಟ್ರು: ಇರು, ಇರು. ಡ್ರೈವರ್ ಅಂದ್ರೆ ತಯಾರಕ ಕೊಡೋದಲ್ವಾ? ಇದನ್ನು ಜರ್ಮನಿಯ ಯಾರೋ ಯಾಕೆ ಬರೀಬೇಕು?

ಶಿಷ್ಯೆ: ಒಳ್ಳೇ ಪ್ರಶ್ನೆ, ಇದರಲ್ಲೇ ಇಡೀ ಕಥೆ ಇದೆ. ವಿಂಡೋಸ್‌ನಲ್ಲಿ ಡ್ರೈವರ್ ಬರೆಯೋದು ತಯಾರಕರ ಜವಾಬ್ದಾರಿ. ಲಿನಕ್ಸ್‌ನಲ್ಲಿ ಡ್ರೈವರ್ ಇರಬೇಕಾದ ಜಾಗ ಕರ್ನಲ್‌ನ ಮೂಲ ಕೋಡ್ ಒಳಗೇ. ಯಾರು ಬೇಕಾದ್ರೂ ಬರೀಬಹುದು. ತಯಾರಕರೂ ಬರೆದುಕೊಡಬಹುದು, ಇಂಟೆಲ್ ಹಾಗೆ ಮಾಡುತ್ತೆ. ಯಾರೂ ಕೊಡದಿದ್ರೆ, ಅಗತ್ಯ ಇದ್ದವರು ತಾವೇ ಕೂತು ಬರೀತಾರೆ. 1990ರ ದಶಕದಲ್ಲಿ ಡೊನಾಲ್ಡ್ ಬೆಕರ್ ಅಂತ ಒಬ್ಬರು ನಾಸಾದ ಗಾಡರ್ಡ್ ಕೇಂದ್ರದಲ್ಲಿ ಕೆಲಸ ಮಾಡ್ತಿದ್ರು. 1994ರಲ್ಲಿ ಅವರು, ಥಾಮಸ್ ಸ್ಟರ್ಲಿಂಗ್ ಸೇರಿ, 486 ಪ್ರೊಸೆಸರಿನ 16 ಸಾಮಾನ್ಯ ಕಂಪ್ಯೂಟರ್‌ಗಳನ್ನು ಈಥರ್ನೆಟ್‌ನಿಂದ ಕಟ್ಟಿ ಬೇವುಲ್ಫ್ ಅನ್ನೋ ಗುಂಪುಯಂತ್ರ ಮಾಡಿದ್ರು. ಅಗ್ಗದ ಮೆಷಿನ್‌ಗಳನ್ನು ಜೋಡಿಸಬೇಕಾದ್ರೆ ಅಗ್ಗದ ನೆಟ್‌ವರ್ಕ್ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ನಡೀಬೇಕು ತಾನೆ? ಆ ಕಾಲದ ಈಥರ್ನೆಟ್ ಡ್ರೈವರ್‌ಗಳಲ್ಲಿ ಬಹುಪಾಲನ್ನು ಬೆಕರ್ ಬರೆದ್ರು. ಇವತ್ತು ನೀವು ಲಿನಕ್ಸ್ ಡೆಸ್ಕ್‌ಟಾಪ್‌ಗೆ ಕೇಬಲ್ ಚುಚ್ಚಿದ ಕೂಡಲೇ ನೆಟ್ ಬರುತ್ತಲ್ಲ, ಆ ಸಲೀಸು ಅಲ್ಲಿಂದ ಶುರುವಾದದ್ದು.

ಮೇಷ್ಟ್ರು: ಕೇಬಲ್ಲಿಗೆ ಅಷ್ಟು ಸಲೀಸು, ವೈಫೈಗೆ ಯಾಕೆ ಇಷ್ಟು ಪಾಡು?

ಶಿಷ್ಯೆ: ವೈಫೈ ಅಂದ್ರೆ ರೇಡಿಯೋ. ಯಾವ ತರಂಗಾಂತರ, ಎಷ್ಟು ಶಕ್ತಿ ಅನ್ನೋದಕ್ಕೆ ದೇಶದೇಶಕ್ಕೆ ಕಾನೂನು ಬೇರೆ. ಚಿಪ್ ವಿವರ ಬಿಟ್ಟುಕೊಟ್ರೆ ಜನ ಕಾನೂನು ಮೀರಿ ಪ್ರಸಾರ ಮಾಡ್ತಾರೆ ಅನ್ನೋ ಭಯ ಒಂದು ಕಡೆ, ಪೈಪೋಟಿಯವರು ಗುಟ್ಟು ಕದೀತಾರೆ ಅನ್ನೋ ಭಯ ಇನ್ನೊಂದು ಕಡೆ. ಹೀಗಾಗಿ ಹಲವು ಕಂಪನಿಗಳು ಬಾಯಿ ಬಿಡಲಿಲ್ಲ. ಬ್ರಾಡ್‌ಕಾಮ್ ಪ್ರಕರಣ ನೋಡಿ, ತಮಾಷೆಯಾಗಿದೆ. ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ಅನ್ನೋ ಪ್ರಸಿದ್ಧ ರೂಟರ್ ಒಳಗೆ ಇದ್ದದ್ದು ಬ್ರಾಡ್‌ಕಾಮ್ ಚಿಪ್, ಅದು ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ಲಿನಕ್ಸ್ ಬಳಸಿ ಮಾರಿದವರು ಅದರ ಕೋಡ್ ಕೊಡಬೇಕು ಅನ್ನೋ ಜಿಪಿಎಲ್ ಲೈಸೆನ್ಸಿನ ಒತ್ತಡಕ್ಕೆ 2003ರಲ್ಲಿ ರೂಟರಿನ ಮೂಲ ಕೋಡ್ ಬಿಡುಗಡೆ ಮಾಡಿದ್ರು. ಮರುವರ್ಷ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ರೂಟರ್ ಲಿನಕ್ಸ್ ಹುಟ್ಟಿದ್ದು ಅದರಿಂದಲೇ. ಆದ್ರೆ ವೈಫೈ ಡ್ರೈವರ್ ಮಾತ್ರ ಮುಚ್ಚಿದ ಬೈನರಿಯಾಗೇ ಉಳೀತು. ಅಂದ್ರೆ ರೂಟರ್ ಒಳಗಿನ ಲಿನಕ್ಸ್‌ಗೆ ಡ್ರೈವರ್ ಇದೆ, ಮೇಜಿನ ಮೇಲಿನ ಲಿನಕ್ಸ್‌ಗೆ ಇಲ್ಲ.

ಮೇಷ್ಟ್ರು: ಮತ್ತೆ ಜನ ಏನು ಮಾಡಿದ್ರು?

ಶಿಷ್ಯೆ: ಎರಡು ದಾರಿ ಹಿಡಿದ್ರು. ಮೊದಲನೆಯದು ಎನ್‌ಡಿಐಎಸ್‌ರ‍್ಯಾಪರ್. ವಿಂಡೋಸ್ ಡ್ರೈವರನ್ನೇ ತಂದು, ತಾನಿರೋದು ವಿಂಡೋಸ್ ಒಳಗೆ ಅಂತ ಅದನ್ನು ನಂಬಿಸಿ ಲಿನಕ್ಸ್‌ನಲ್ಲಿ ಓಡಿಸೋದು. ಹೊತ್ತಿಗೆ ಆಗ್ತಿತ್ತು. ಕೈಕೊಟ್ಟಾಗ ಯಾಕೆ ಕೈಕೊಡ್ತು ಅಂತ ನೋಡೋಕೆ ಒಳಗೆ ಇಣುಕುವ ಹಾಗೇ ಇರಲಿಲ್ಲ. ಎರಡನೆಯದು ಕಷ್ಟದ ದಾರಿ. ಒಂದು ತಂಡ ಮುಚ್ಚಿದ ಡ್ರೈವರನ್ನು ಬಿಚ್ಚಿ ಚಿಪ್ ಹೇಗೆ ನಡೆದುಕೊಳ್ಳುತ್ತೆ ಅಂತ ವಿವರ ಬರೆಯೋದು. ಮೂಲವನ್ನು ಕಣ್ಣಲ್ಲೂ ನೋಡದ ಇನ್ನೊಂದು ತಂಡ ಆ ವಿವರ ಮಾತ್ರ ಓದಿ ಹೊಸದಾಗಿ ಕೋಡ್ ಬರೆಯೋದು. ನಕಲು ಮಾಡಿದ್ರು ಅನ್ನೋ ಆರೋಪಕ್ಕೆ ಜಾಗ ಇರಬಾರದು ಅಂತ ಈ ಮಡಿ. ಹಾಗೆ ಬರೆದ ಬ್ರಾಡ್‌ಕಾಮ್ ಡ್ರೈವರ್ 2006ರಲ್ಲಿ 2.6.17 ಕರ್ನಲ್‌ಗೆ ಸೇರಿತು. ಬಿ43 ಅನ್ನೋ ಹೆಸರಲ್ಲಿ ಅದರ ಮುಂದಿನ ರೂಪ ಈಗಲೂ ಕರ್ನಲ್‌ನಲ್ಲಿದೆ. 2007ರಲ್ಲಿ ಡಿವೈಸ್‌ಸ್ಕೇಪ್ ಕಂಪನಿ ಕೊಟ್ಟ ಕೋಡ್ ಆಧರಿಸಿ ಎಲ್ಲ ವೈಫೈ ಡ್ರೈವರ್‌ಗಳಿಗೂ ಸಾಮಾನ್ಯ ತಳಹದಿ ಬಂತು. 2008ರಲ್ಲಿ ಅಥೆರಾಸ್ ತಾನೇ ಮುಂದೆ ಬಂದು ಎಟಿಎಚ್9ಕೆ ಡ್ರೈವರ್ ಕೊಡ್ತು. 2010ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಕಾಮ್ ಕೂಡ ಹೊಸ ಚಿಪ್‌ಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡ್ತು.

ಮೇಷ್ಟ್ರು: ಇದನ್ನೆಲ್ಲ ಸಂಬಳ ತಗೊಂಡು ಮಾಡಿದ್ರಾ?

ಶಿಷ್ಯೆ: ಕೆಲವರು ಹೌದು, ಕೆಲವರು ಇಲ್ಲ. ಲ್ಯಾರಿ ಫಿಂಗರ್ ಅಂತ ಒಬ್ಬರಿದ್ರು. ಆ ಬ್ರಾಡ್‌ಕಾಮ್ ಡ್ರೈವರ್, ಆಮೇಲೆ ರಿಯಲ್‌ಟೆಕ್ ಡ್ರೈವರ್‌ಗಳು, ಎಲ್ಲವನ್ನೂ ಸುಮಾರು ಎರಡು ದಶಕ ಇಳಿವಯಸ್ಸಿನಲ್ಲೂ ಬಿಡದೆ ನೋಡಿಕೊಂಡ್ರು. 2024ರ ಜೂನ್‌ನಲ್ಲಿ ತೀರಿಕೊಂಡ್ರು. ಅಗ್ಗದ ಲ್ಯಾಪ್‌ಟಾಪ್ ತಗೊಂಡು ಲಿನಕ್ಸ್ ಹಾಕಿ, ವೈಫೈ ಬಂತು ಅಂತ ಖುಷಿಪಟ್ಟ ಎಷ್ಟೋ ಜನಕ್ಕೆ ಅವರ ಹೆಸರೂ ಗೊತ್ತಿಲ್ಲ.

ಮೇಷ್ಟ್ರು: ಹೂಂ. ಈಗ ನನ್ನ ಮೆಷಿನ್‌ಗೆ ಬಾ. ಹೊಸ ಕರ್ನಲ್ ಬೇಕು, ಅದನ್ನು ಇಳಿಸಿಕೊಳ್ಳೋಕೆ ನೆಟ್ ಬೇಕು. ನೆಟ್ ಬೇಕು ಅಂದ್ರೆ ಹೊಸ ಕರ್ನಲ್ ಬೇಕು. ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ.

ಶಿಷ್ಯೆ: ನಿಮ್ಮ ಫೋನ್ ಕೊಡಿ. ಚಾರ್ಜರ್ ಕೇಬಲ್ಲಿನಿಂದ ಫೋನನ್ನು ಕಂಪ್ಯೂಟರಿಗೆ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ತೀನಿ. ನೋಡಿ, ಕೇಬಲ್ ಸಂಪರ್ಕ ಅಂತ ಗುರುತು ಬಂತು. ಆಂಡ್ರಾಯ್ಡ್ ಫೋನ್ ಈಗ ಒಂದು ನೆಟ್‌ವರ್ಕ್ ಕಾರ್ಡ್ ಥರ ಕೆಲಸ ಮಾಡ್ತಿದೆ. ಇದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲಿ ಬಹಳ ಹಿಂದಿನಿಂದಲೂ ಇದೆ. ಫೋನ್ ಮನೆಯ ವೈಫೈನಲ್ಲೇ ಇದ್ರೆ ಅದನ್ನೇ ಹಂಚುತ್ತೆ, ಡೇಟಾ ಪ್ಯಾಕ್ ಖರ್ಚಾಗಲ್ಲ. ಲಿನಕ್ಸ್ ಹಾಕೋ ಪ್ರತಿಯೊಬ್ಬರಿಗೂ ಮೊದಲು ಕಲಿಸಬೇಕಾದ ಉಪಾಯ ಇದು.

ಮೇಷ್ಟ್ರು: ಇಷ್ಟು ಸುಲಭವಾ? ಹಾಗಾದ್ರೆ ಡಾಂಗಲ್ಲೇ ಬೇಡ, ಫೋನ್ ಚುಚ್ಚಿ ಬಿಟ್ಟರಾಯ್ತು.

ಶಿಷ್ಯೆ: ನಿಮಗೆ ಫೋನ್ ಬಂದಾಗ ಡೆಸ್ಕ್‌ಟಾಪಿನ ನೆಟ್ ಕಿತ್ತುಕೊಂಡು ಓಡಬೇಕಾಗುತ್ತೆ. ಡೆಬಿಯನ್ 12ಕ್ಕೆ ಬ್ಯಾಕ್‌ಪೋರ್ಟ್ಸ್ ಅಂತ ಒಂದು ಭಂಡಾರ ಇದೆ, ಅದರಲ್ಲಿ 6.12 ಕರ್ನಲ್ ಸಿಗುತ್ತೆ. ಡೆಬಿಯನ್ 13ಕ್ಕೆ ಏರಿದ್ರೂ ಅದೇ ಕರ್ನಲ್. ಸದ್ಯಕ್ಕೆ ಬ್ಯಾಕ್‌ಪೋರ್ಟ್ಸ್‌ನಿಂದ ಹಾಕ್ತೀನಿ. ಆಯ್ತು, ರೀಸ್ಟಾರ್ಟ್ ಮಾಡಿ. ಈ ಸಲ ಮೋಡ್‌ಸ್ವಿಚ್ ಕೂಡ ಹಾಕಿರೋದ್ರಿಂದ ಎಜೆಕ್ಟ್ ಒತ್ತೋ ಕೆಲಸ ಇಲ್ಲ.

ಮೇಷ್ಟ್ರು: ಬಂತು. ಎಲ್‌ಎಸ್‌ಯುಎಸ್‌ಬಿ ಹೈಫನ್ ಟಿ... ಖಾಲಿ ಇದ್ದ ಕಡೆ ಈಗ ‘ಆರ್‌ಟಿಡಬ್ಲ್ಯೂ_8821ಸಿಯು’ ಅಂತಿದೆ. 8811 ಅಂದೆ, ಇಲ್ಲಿ 8821 ಇದೆ?

ಶಿಷ್ಯೆ: ಒಂದೇ ಮನೆತನ. 8821ರಲ್ಲಿ ಬ್ಲೂಟೂತ್ ಹೆಚ್ಚಿಗೆ. ಡ್ರೈವರ್ ಎರಡಕ್ಕೂ ಒಂದೇ.

ಮೇಷ್ಟ್ರು: ಸರಿ, ಆದ್ರೆ ವೈಫೈ ಗುರುತು ಈಗಲೂ ಇಲ್ಲವಲ್ಲ!

ಶಿಷ್ಯೆ: ಮೂರನೇ ಮೆಟ್ಟಿಲು, ಫರ್ಮ್‌ವೇರ್. ‘ಡಿಮೆಸ್‌ಜಿ’ ಅನ್ನೋ ಕಮಾಂಡ್ ಕರ್ನಲ್ ತನ್ನಷ್ಟಕ್ಕೆ ಬರೆದುಕೊಂಡಿರೋ ದಿನಚರಿ ತೋರಿಸುತ್ತೆ. ಆರ್‌ಟಿಡಬ್ಲ್ಯೂ ಅಂತ ಇರೋ ಸಾಲು ಹುಡುಕಿ ಓದಿ.

ಮೇಷ್ಟ್ರು: ‘ಆರ್‌ಟಿಡಬ್ಲ್ಯೂ8821ಸಿ_ಎಫ್‌ಡಬ್ಲ್ಯೂ’ ಅನ್ನೋ ಫೈಲನ್ನು ನೇರವಾಗಿ ತುಂಬಲು ಆಗಲಿಲ್ಲ, ದೋಷ ಮೈನಸ್ 2. ಏನಿದು ಮೈನಸ್ 2?

ಶಿಷ್ಯೆ: ‘ಅಂಥ ಫೈಲೇ ಇಲ್ಲ’ ಅಂತ. ಈ ಸಾಲು ಓದಿದವರಿಗೆ ಅರ್ಧ ಕೆಲಸ ಮುಗೀತು, ಯಾವ ಫೈಲ್ ಬೇಕು ಅಂತ ಅದೇ ಹೆಸರು ಹಿಡಿದು ಹೇಳ್ತಿದೆ. ಡ್ರೈವರ್ ಓಡೋದು ನಿಮ್ಮ ಕಂಪ್ಯೂಟರಿನ ಪ್ರೊಸೆಸರ್ ಮೇಲೆ. ಡಾಂಗಲ್ ಒಳಗೂ ಒಂದು ಪುಟ್ಟ ಪ್ರೊಸೆಸರ್ ಇದೆ. ಅದಕ್ಕೆ ಬೇಕಾದ ಪ್ರೋಗ್ರಾಂ ಫರ್ಮ್‌ವೇರ್. ಖರ್ಚು ಉಳಿಸೋಕೆ ಅದನ್ನು ಡಾಂಗಲ್ ಒಳಗೆ ಶಾಶ್ವತವಾಗಿ ಇಡಲ್ಲ, ಚುಚ್ಚಿದಾಗಲೆಲ್ಲ ಕಂಪ್ಯೂಟರೇ ತುಂಬಬೇಕು. ಲಿನಕ್ಸ್‌ನಲ್ಲಿ ಆ ಫೈಲ್‌ಗಳು ಇರೋದು ‘ಲಿಬ್’ ಒಳಗಿನ ‘ಫರ್ಮ್‌ವೇರ್’ ಫೋಲ್ಡರಿನಲ್ಲಿ. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ರಿಯಲ್‌ಟೆಕ್’ ಅನ್ನೋ ಪ್ಯಾಕೇಜು ಅದನ್ನು ತಂದು ಹಾಕುತ್ತೆ.

ಮೇಷ್ಟ್ರು: ಇದನ್ನು ಡೆಬಿಯನ್‌ನವರು ಮೊದಲೇ ಹಾಕಿ ಕೊಡೋಕೆ ಏನು ಧಾಡಿ?

ಶಿಷ್ಯೆ: ಅದರ ಮೂಲ ಕೋಡ್ ಯಾರಿಗೂ ಸಿಗಲ್ಲ. ಹಂಚಬಹುದು, ಓದಿ ತಿದ್ದೋಕಾಗಲ್ಲ. ಮೂಲ ಕೋಡ್ ಇಲ್ಲದ್ದನ್ನು ಕೊಡಲ್ಲ ಅಂತ ಡೆಬಿಯನ್‌ನವರು ಬಹಳ ವರ್ಷ ಹಟ ಹಿಡಿದಿದ್ರು. ಹೀಗಾಗಿ ವೈಫೈ ಮಾತ್ರ ಇರೋ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡೋಕೆ ಕೂತವರು ಅರ್ಧಕ್ಕೇ ಸಿಕ್ಕಿಬೀಳ್ತಿದ್ರು. 2022ರಲ್ಲಿ ಮತಕ್ಕೆ ಹಾಕಿ ತೀರ್ಮಾನ ಬದಲಿಸಿದ್ರು. ಡೆಬಿಯನ್ 12ರ ಇನ್‌ಸ್ಟಾಲರಿನಿಂದ ಫರ್ಮ್‌ವೇರ್ ಜೊತೆಗೇ ಬರುತ್ತೆ. ಆದ್ರೆ ಇನ್‌ಸ್ಟಾಲ್ ಮಾಡೋವಾಗ ಕಂಡ ಸಾಧನಗಳಿಗೆ ಬೇಕಾದದ್ದನ್ನು ಮಾತ್ರ ಅದು ಹಾಕುತ್ತೆ. ನಿಮ್ಮ ಡಾಂಗಲ್ ಆಗ ಇರಲೇ ಇಲ್ಲ, ಆಮೇಲೆ ಬಂತು.

ಮೇಷ್ಟ್ರು: ಹಟ ಬಿಟ್ಟದ್ದು ಸರಿಯಾ?

ಶಿಷ್ಯೆ: ಸರಿ ಅಂತ ನನ್ನ ಅಭಿಪ್ರಾಯ. ನೆಟ್ಟೇ ಸಿಗದ ಮನುಷ್ಯ ಮುಕ್ತ ತಂತ್ರಾಂಶಕ್ಕೆ ಬರೋದೇ ಇಲ್ಲ. ಇದನ್ನು ಒಪ್ಪದವರಿದ್ದಾರೆ, ಮುಚ್ಚಿದ ಫರ್ಮ್‌ವೇರ್ ತುಂಬೋ ಭಾಗವನ್ನೆಲ್ಲ ಕಿತ್ತುಹಾಕಿದ ಲಿನಕ್ಸ್-ಲಿಬ್ರೆ ಅಂತ ಕರ್ನಲ್ ಇದೆ. ಅವರ ವಾದಕ್ಕೂ ತೂಕ ಇದೆ. ಮುಚ್ಚಿದ ಫರ್ಮ್‌ವೇರಿನಲ್ಲಿ ದೋಷ ಬಂದ್ರೆ ತಯಾರಕರು ಮನಸ್ಸು ಮಾಡೋವರೆಗೂ ಕಾಯಬೇಕು. ಸರಿ, ಪ್ಯಾಕೇಜು ಹಾಕಿದೆ. ಡಾಂಗಲ್ ಕಿತ್ತು ಮತ್ತೆ ಚುಚ್ಚಿ.

ಮೇಷ್ಟ್ರು: ಬಂತಮ್ಮ! ಬೀದಿಯ ವೈಫೈಗಳೆಲ್ಲ ಸಾಲಾಗಿ ನಿಂತಿವೆ. ಪಾಸ್‌ವರ್ಡ್ ಹಾಕಿದೆ... ಕನೆಕ್ಟೆಡ್. ಸಾಧನದ ಹೆಸರು ಏನೋ ಉದ್ದಕ್ಕೆ ಇದೆಯಲ್ಲ, ‘ಡಬ್ಲ್ಯೂಎಲ್‌ಎಕ್ಸ್’ ಅಂತ ಶುರುವಾಗಿ.

ಶಿಷ್ಯೆ: ಹಿಂದೆ ಈಥ್0, ಡಬ್ಲ್ಯೂಲ್ಯಾನ್0 ಅಂತಿತ್ತು. ಎರಡು ಕಾರ್ಡ್ ಇದ್ರೆ ಒಂದೊಂದು ಸಲ ಒಂದೊಂದಕ್ಕೆ ಸೊನ್ನೆ ಸಿಗ್ತಿತ್ತು. 2013ರಿಂದ, ಲಿನಕ್ಸ್ ಶುರುವಾಗೋದನ್ನು ನೋಡಿಕೊಳ್ಳೋ ಸಿಸ್ಟಂಡಿ ಬದಲಾಗದ ಹೆಸರು ಕೊಡುತ್ತೆ. ಒಳಗಿನ ಕಾರ್ಡಿಗೆ ಕೂತ ಜಾಗದ ಮೇಲೆ ಹೆಸರು. ನಿಮ್ಮ ಯುಎಸ್‌ಬಿ ವೈಫೈಗೆ ಅದರ ಮ್ಯಾಕ್ ವಿಳಾಸವೇ ಹೆಸರು.

ಮೇಷ್ಟ್ರು: ನಾಲ್ಕು, ಐದು, ಆರನೇ ಮೆಟ್ಟಿಲು ತಾನಾಗೇ ದಾಟಿದ್ವಾ?

ಶಿಷ್ಯೆ: ನಿಮ್ಮ ಅದೃಷ್ಟ. ಸಿಕ್ಕಿಬೀಳೋದಾದ್ರೆ ಹೀಗೆ: ರೇಡಿಯೋ ಆಫ್ ಆಗಿದ್ರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಹೇಳುತ್ತೆ. ‘ಸಾಫ್ಟ್’ ತಡೆ ಆದ್ರೆ ಕಮಾಂಡಿನಿಂದ ತೆಗೀಬಹುದು, ‘ಹಾರ್ಡ್’ ಆದ್ರೆ ಲ್ಯಾಪ್‌ಟಾಪಿನ ಮೈಮೇಲೆ ಎಲ್ಲೋ ಒಂದು ಸ್ವಿಚ್ ಇರುತ್ತೆ. ಅಕ್ಕಪಕ್ಕದವರ ವೈಫೈ ಎಲ್ಲ ಕಂಡು ನಿಮ್ಮದೊಂದೇ ಕಾಣದಿದ್ರೆ, ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿ ಕೂತಿದೆಯಾ ನೋಡಿ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಿಂದ ಲೈಸೆನ್ಸ್ ಇಲ್ಲದೆ ಬಳಸಲು ಮುಕ್ತ, ಇಲ್ಲಿ ಆ ಚಾನೆಲ್‌ಗಳೂ ನಡೆಯುತ್ತವೆ. ಅಮೆರಿಕದ ನಿಯಮ ಹಿಡಿದ ಕಾರ್ಡ್ 11ಕ್ಕೇ ನಿಲ್ಲುತ್ತೆ. ದೇಶ ‘ಐಎನ್’ ಅಂತ ಹೊಂದಿಸಬೇಕು, ಇಲ್ಲ ರೂಟರನ್ನು 1, 6, 11ರಲ್ಲಿ ಒಂದಕ್ಕೆ ತರಬೇಕು. ಇನ್ನು, ಕನೆಕ್ಟ್ ಆಗಿದೆ ಆದ್ರೆ ಪುಟ ತೆರೀತಿಲ್ಲ ಅಂದ್ರೆ ಮೊದಲು ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿ, ಆಮೇಲೆ ಹೊರಗಿನ ಒಂದು ಐಪಿಗೆ, ಆಮೇಲೆ ಒಂದು ಹೆಸರಿಗೆ. ಐಪಿಗೆ ಹೋಗಿ ಹೆಸರಿಗೆ ಹೋಗದಿದ್ರೆ ತಪ್ಪು ಹೆಸರನ್ನು ಐಪಿಗೆ ತಿರುಗಿಸೋ ಡಿಎನ್‌ಎಸ್‌ನದು, ಡಾಂಗಲ್‌ನದಲ್ಲ.

ಮೇಷ್ಟ್ರು: ಈಗ ನನ್ನ ತಕರಾರು ಕೇಳು. ಪೆಟ್ಟಿಗೇಲಿ ತಯಾರಕರ ಲಿನಕ್ಸ್ ಡ್ರೈವರೂ ಇತ್ತು. ಅದನ್ನೇ ಹಾಕಿದ್ರೆ ಕರ್ನಲ್ ಬದಲಿಸೋ ಕೆಲಸ ಇರ್ತಿರಲಿಲ್ಲ.

ಶಿಷ್ಯೆ: ಇವತ್ತಿಗೆ ಇರ್ತಿರಲಿಲ್ಲ. ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ನೆಟ್ ಹೋಗಿರೋದು. ಹೊರಗಿನ ಡ್ರೈವರನ್ನು ಯಾವ ಕರ್ನಲ್‌ಗೆ ಕಟ್ಟಿರ್ತೀರೋ ಅದಕ್ಕೆ ಮಾತ್ರ ಅದು ಕೂರುತ್ತೆ. ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು. ಅದನ್ನು ತಾನಾಗೇ ಮಾಡೋಕೆ ಡೆಲ್ ಎಂಜಿನಿಯರ್‌ಗಳು ಡಿಕೆಎಂಎಸ್ ಅನ್ನೋ ವ್ಯವಸ್ಥೆ ಮಾಡಿದ್ರು. ಆದ್ರೆ ಕರ್ನಲ್‌ನ ಒಳಗಿನ ಏರ್ಪಾಡೇ ಬದಲಾಗಿದ್ರೆ ಡಿಕೆಎಂಎಸ್ ಕೂಡ ಕೈ ಎತ್ತುತ್ತೆ. ಸೆಕ್ಯೂರ್ ಬೂಟ್ ಆನ್ ಇದ್ರೆ ಇನ್ನೊಂದು ತೊಡಕು. ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೇ ಬಿಡಲ್ಲ. ನಿಮ್ಮದೇ ಕೀ ಮಾಡಿ ನೋಂದಾಯಿಸಬೇಕು.

ಮೇಷ್ಟ್ರು: ಒಳಗಿನ ಏರ್ಪಾಡು ಬದಲಿಸದೇ ಇದ್ರೆ ಆಯ್ತಲ್ಲ? ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಹಳೇ ಡ್ರೈವರ್ ನಡೆಯುತ್ತೆ. ಹೊರಗಿನವರಿಗೆ ಒಂದು ಸ್ಥಿರವಾದ ಬಾಗಿಲು ಇಡೋಕೆ ಇವರಿಗೇನು ಕಷ್ಟ? ಇದು ಬಳಸೋರ ಮೇಲೆ ಹೊರೆ ಹಾಕೋ ಧೋರಣೆ.

ಶಿಷ್ಯೆ: ಬೇಕೆಂದೇ ಇಟ್ಟಿಲ್ಲ. ಸ್ಥಿರ ಬಾಗಿಲು ಯಾಕೆ ಬೇಡ ಅಂತ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ಲೇಖನವೇ ಕರ್ನಲ್ ಜೊತೆ ಬರುತ್ತೆ. ವಾದ ಇಷ್ಟು: ಒಳಗೆ ಏನಾದ್ರೂ ಬದಲಿಸಿದವರು, ಅದರಿಂದ ಕೆಡೋ ಎಲ್ಲ ಡ್ರೈವರ್‌ಗಳನ್ನೂ ತಾವೇ ಸರಿಮಾಡಬೇಕು. ಒಳಗಿರೋ ಡ್ರೈವರ್‌ಗೆ ಈ ಕಾವಲು ಪುಕ್ಕಟೆ. ಹಾಗಾಗಿಯೇ ತಯಾರಕರು ಕೈಬಿಟ್ಟ ಎಷ್ಟೋ ಹಳೇ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ಇವತ್ತೂ ನಡೀತಿವೆ. ಹಳೇ ಬಾಗಿಲುಗಳನ್ನೆಲ್ಲ ಶಾಶ್ವತವಾಗಿ ಕಾಯ್ತಾ ಕೂತಿದ್ರೆ ದೋಷಗಳನ್ನೂ ಕಾಯಬೇಕಾಗ್ತಿತ್ತು. ನೀವು ಹೇಳಿದ್ದೂ ನಿಜ, ಹೊರೆ ಬೀಳುತ್ತೆ. ಆದ್ರೆ ಅದು ಬೀಳೋದು ಯಾವತ್ತು? ಕೊಳ್ಳೋ ದಿನ. ಡ್ರೈವರ್ ಕರ್ನಲ್ ಒಳಗಿರೋ ಚಿಪ್ ಆರಿಸಿಕೊಂಡ್ರೆ ಆಮೇಲೆ ಹೊರೆಯೇ ಇಲ್ಲ. ಹೊರಗಿರೋದನ್ನು ಕೊಂಡ್ರೆ ಆ ಡಾಂಗಲ್ ಇರೋವರೆಗೂ ಹೊರೆ.

ಮೇಷ್ಟ್ರು: ‘ಲಿನಕ್ಸ್ ಬೆಂಬಲವಿದೆ’ ಅಂತ ಅಚ್ಚು ಹಾಕಿದ್ದು ಸುಳ್ಳಾ ಹಾಗಾದ್ರೆ?

ಶಿಷ್ಯೆ: ಸುಳ್ಳಲ್ಲ, ಅರ್ಧ ಸತ್ಯ. ಯಾವುದೋ ಒಂದು ಕರ್ನಲ್‌ನಲ್ಲಿ, ಯಾವುದೋ ಒಂದು ದಿನ ಅದು ಓಡಿತ್ತು ಅಂತ ಅದರ ಅರ್ಥ. ಕೇಳಬೇಕಾದ ಪ್ರಶ್ನೆ ಬೇರೆ: ಚಿಪ್ ಯಾವುದು, ಅದರ ಡ್ರೈವರ್ ಯಾವ ಕರ್ನಲ್ ಆವೃತ್ತಿಯಿಂದ ಒಳಗಿದೆ?

ಮೇಷ್ಟ್ರು: ನಮ್ಮ ಊರಿನ ಶಾಲೆಗೆ ಹತ್ತು ಹಳೇ ಡೆಸ್ಕ್‌ಟಾಪ್ ಬರ್ತಿವೆ, ಬೆಂಗಳೂರಿನ ಆಫೀಸೊಂದರಿಂದ. ಲಿನಕ್ಸ್ ಹಾಕೋಣ ಅಂತ ಅಂದುಕೊಂಡಿದೀನಿ. ಏನು ಕೊಳ್ಳಲಿ, ನೇರವಾಗಿ ಹೇಳು.

ಶಿಷ್ಯೆ: ಲ್ಯಾಬ್ ಒಂದೇ ಕೋಣೆ ಆದ್ರೆ ವೈಫೈ ಮಾತೇ ಬೇಡ. ಒಂದು ಸ್ವಿಚ್ ಪೆಟ್ಟಿಗೆ, ಹತ್ತು ಕೇಬಲ್. ಮದರ್‌ಬೋರ್ಡಿನ ಈಥರ್ನೆಟ್ ಹೆಚ್ಚಾಗಿ ರಿಯಲ್‌ಟೆಕ್ ಇಲ್ಲ ಇಂಟೆಲ್ ಇರುತ್ತೆ, ಎರಡಕ್ಕೂ ಡ್ರೈವರ್ ಒಳಗಿದೆ. ವೈಫೈ ಬೇಕೇ ಬೇಕು ಅಂದ್ರೆ ಒಳಗೆ ಕೂರೋ ಕಾರ್ಡ್ ಒಳ್ಳೇದು: ಇಂಟೆಲ್ ಎಎಕ್ಸ್200 ಕರ್ನಲ್ 5.1ರಿಂದ, ಎಎಕ್ಸ್210 5.10ರಿಂದ ನಡೆಯುತ್ತೆ. ಎಎಕ್ಸ್201, ಎಎಕ್ಸ್211 ತರಬೇಡಿ, ಹೆಸರು ಹತ್ತಿರ ಇದ್ರೂ ಅವು ಇಂಟೆಲ್‌ನ ಕೆಲವೇ ಬಗೆಯ ಬೋರ್ಡ್‌ಗಳಲ್ಲಿ ಮಾತ್ರ ಆಗೋದು. ಯುಎಸ್‌ಬಿಯೇ ಆಗಬೇಕಾದ್ರೆ ಮೀಡಿಯಾಟೆಕ್ ಎಂಟಿ7612ಯು ಚಿಪ್ ಕೇಳಿ, 2018ರ 4.19 ಕರ್ನಲ್‌ನಿಂದ ಒಳಗಿದೆ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಿಗೆ ಹೋಗೋದಾದ್ರೆ, ಇನ್‌ಸ್ಟಾಲ್ ಮಾಡದೆಯೇ ಓಡೋ ಲೈವ್ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಜೇಬಲ್ಲಿರಲಿ. ಅಂಗಡಿಯಲ್ಲೇ ಒಂದು ಮೆಷಿನ್‌ನಲ್ಲಿ ಬೂಟ್ ಮಾಡಿ, ಡಾಂಗಲ್ ಚುಚ್ಚಿ, ಎಲ್‌ಎಸ್‌ಯುಎಸ್‌ಬಿ ಹೊಡೀರಿ. ವೈಫೈ ಪಟ್ಟಿ ಬಂದ್ರೆ ದುಡ್ಡು ಕೊಡಿ, ಬರದಿದ್ರೆ ಪಕ್ಕದ ಅಂಗಡಿ.

ಮೇಷ್ಟ್ರು: ಅಂಗಡಿಯವನು ಒಪ್ಪದಿದ್ರೆ?

ಶಿಷ್ಯೆ: ಅಂಥ ಕಡೆ ಕೊಳ್ಳಬೇಡಿ. ಇನ್ನೊಂದು ಮಾತು, ಇದು ನಿಮಗಲ್ಲ, ಶಾಲೆಗಳಿಗೆ ಹಳೇ ಕಂಪ್ಯೂಟರ್ ಕೊಡೋ ಆಫೀಸುಗಳವರಿಗೆ. ಪುಣ್ಯದ ಕೆಲಸ ಮಾಡ್ತಿದೀರಿ, ಅದನ್ನು ಪೂರ್ತಿ ಮಾಡಿ. ಹಾರ್ಡ್‌ಡಿಸ್ಕ್ ಒರೆಸಿ ಕೊಡೋ ಮೊದಲು ಒಂದು ಲೈವ್ ಲಿನಕ್ಸ್‌ನಿಂದ ಬೂಟ್ ಮಾಡಿ ನೆಟ್ ಬರುತ್ತಾ ನೋಡಿ, ನೆಟ್‌ವರ್ಕ್ ಚಿಪ್‌ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ಗೆ ಅಂಟಿಸಿ, ಜೊತೆಗೆ ಒಂದೊಂದು ಲ್ಯಾನ್ ಕೇಬಲ್ ಇಡಿ. ಅಲ್ಲಿ ಅದನ್ನು ಬಿಚ್ಚೋರು ಒಬ್ಬ ಮೇಷ್ಟ್ರು, ಅವರಿಗೆ ಕೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ.